ಬಲಬದಿಯ ಚಾಲಕ: ಉಗಿ ಎಂಜಿನ್‌ಗೆ ಹೊಸ ರೂಪ ಕೊಟ್ಟ ಚರ್ಚ್‌ವರ್ಡ್

ಹಿಪ್ಪರಗಿ: ಕೃಷ್ಣಾ ತೀರದ ಹಿಪ್ಪರಗಿ, ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯ ಜನರಿಗೆ ರೈಲು ಎಂದೊಡನೆ ನೆನಪಾಗುವ ಹೆಸರು ಕುಡಚಿ. ಬಾಗಲಕೋಟೆ–ಕುಡಚಿ ನಡುವಿನ 142 ಕಿ.ಮೀ. ಮಾರ್ಗಕ್ಕೆ 2010–11ನೇ ಸಾಲಿನ ರೈಲ್ವೆ ಮುಂಗಡಪತ್ರದಲ್ಲಿ ಒಪ್ಪಿಗೆ ದೊರೆಯುವ ಮೊದಲೂ, ಆನಂತರವೂ ಈ ಭಾಗದವರು ಬಸ್ಸು ಹತ್ತಿ ಕುಡಚಿಗೆ ಹೋಗಿ ಅಲ್ಲಿಂದ ಮೀರಜ್ ಕಡೆಗೋ ಬೆಳಗಾವಿ ಕಡೆಗೋ ರೈಲು ಹಿಡಿದಿದ್ದಾರೆ. ಆ ಒಂದು ಪ್ರಯಾಣದಲ್ಲಿಯೇ ಗಮನಿಸಿದವರಿಗೆ ಒಂದು ವ್ಯತ್ಯಾಸ ಕಾಣಿಸುತ್ತದೆ. ಬಸ್ಸಿನ ಚಾಲಕ ಕುಳಿತುಕೊಳ್ಳುವುದು ಬಲಬದಿಯಲ್ಲಿ. ರೈಲಿನ ಚಾಲಕ ಕುಳಿತುಕೊಳ್ಳುವುದು ಸಾಮಾನ್ಯವಾಗಿ ಎಡಬದಿಯಲ್ಲಿ.

ಬಸ್ಸಿನ ವಿಚಾರ ಸುಲಭ. ರಸ್ತೆಯ ಎಡಮಗ್ಗುಲಲ್ಲಿ ಸಾಗುವ ವಾಹನದ ಚಾಲಕನಿಗೆ ಎದುರಿನಿಂದ ಬರುವ ವಾಹನ ಕಾಣಬೇಕು, ಮುಂದಿನ ಕಬ್ಬಿನ ಟ್ರ್ಯಾಕ್ಟರನ್ನು ಹಿಂದಿಕ್ಕುವಾಗ ಬಲಗಡೆ ಕಾಣಬೇಕು. ರೈಲಿನಲ್ಲಿ ಹಿಂದಿಕ್ಕುವ ಮಾತೇ ಇಲ್ಲ. ಅಲ್ಲಿ ಕಾಣಬೇಕಾದುದು ಸಿಗ್ನಲ್. ಜೋಡಿ ಹಳಿಯಲ್ಲಿ ರೈಲು ಎಡಗಡೆಯ ಹಳಿಯ ಮೇಲೆ ಓಡುವುದರಿಂದ ಸಿಗ್ನಲ್ ಕಂಬಗಳಿಗೆ ಸಹಜವಾದ ಸ್ಥಳ ಹಳಿಯ ಎಡಮಗ್ಗುಲು. ಆದ್ದರಿಂದ ಚಾಲಕನೂ ಎಡಕ್ಕೆ.

ಇಂದು ಇದು ಇಷ್ಟು ಸರಳವಾಗಿ ತೋರುತ್ತದೆಯಾದರೂ ರೈಲು ಹುಟ್ಟಿದ ಬ್ರಿಟನ್ನಿನಲ್ಲಿಯೇ ಈ ಪ್ರಶ್ನೆ ನೂರು ವರ್ಷಗಳಿಗೂ ಹೆಚ್ಚು ಕಾಲ ಇತ್ಯರ್ಥವಾಗಿರಲಿಲ್ಲ. ಅಲ್ಲಿನ ಖಾಸಗಿ ರೈಲ್ವೆ ಕಂಪನಿಗಳಲ್ಲಿ ಕೆಲವು ಚಾಲಕನನ್ನು ಎಡಕ್ಕೆ ನಿಲ್ಲಿಸಿದರೆ ಕೆಲವು ಬಲಕ್ಕೆ ನಿಲ್ಲಿಸಿದವು. ಬಲಬದಿಯನ್ನು ಕೊನೆಯವರೆಗೂ ಬಿಡದೆ ಹಿಡಿದುಕೊಂಡ ದೊಡ್ಡ ಕಂಪನಿ ಗ್ರೇಟ್ ವೆಸ್ಟರ್ನ್ ರೈಲ್ವೆ. ಆ ಕಂಪನಿಯ ಉಗಿ ಎಂಜಿನ್‌ಗಳನ್ನು ಬೇರಿನಿಂದ ಬದಲಿಸಿ, ಇಡೀ ಬ್ರಿಟನ್ನಿಗೆ ಮಾದರಿಯಾದ ಎಂಜಿನಿಯರ್ ಜಾರ್ಜ್ ಜಾಕ್ಸನ್ ಚರ್ಚ್‌ವರ್ಡ್. ಬಾಯ್ಲರ್, ಸಿಲಿಂಡರ್, ವಾಲ್ವ್, ಗಾಲಿಗಳ ಜೋಡಣೆ ಹೀಗೆ ಎಂಜಿನ್ನಿನ ಒಂದೊಂದು ಅಂಗವನ್ನೂ ಪ್ರಶ್ನಿಸಿದ ಈ ಮನುಷ್ಯ ಚಾಲಕ ನಿಲ್ಲುವ ಬದಿಯನ್ನು ಮಾತ್ರ ಇದ್ದಂತೆಯೇ ಬಿಟ್ಟರು. 1933ರ ಡಿಸೆಂಬರ್ 19ರ ಬೆಳಿಗ್ಗೆ, ತಾವೇ ರೂಪಿಸಿದ ವಂಶಕ್ಕೆ ಸೇರಿದ ಎಂಜಿನ್ನೊಂದು ಬಡಿದು ಹಳಿಯ ಮೇಲೆ ಪ್ರಾಣ ಬಿಟ್ಟರು.

ಹಳ್ಳಿಯಿಂದ ಸ್ವಿಂಡನ್‌ಗೆ

ಚರ್ಚ್‌ವರ್ಡ್ ಹುಟ್ಟಿದ್ದು 1857ರ ಜನವರಿ 31ರಂದು, ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಪ್ರಾಂತ್ಯದ ಸ್ಟೋಕ್ ಗೇಬ್ರಿಯಲ್ ಎಂಬ ಹಳ್ಳಿಯಲ್ಲಿ. ತಲೆಮಾರುಗಳಿಂದ ಆ ಊರಿನಲ್ಲಿ ಬೇರೂರಿದ್ದ ಕುಟುಂಬ ಅವರದು. ಮೀನು ಹಿಡಿಯುವುದು, ಬೇಟೆ, ತೋಟ ಇವುಗಳ ಮೇಲಿನ ಒಲವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಹದಿಹರೆಯದಲ್ಲಿ ನ್ಯೂಟನ್ ಅಬಟ್ ಪಟ್ಟಣದ ಸೌತ್ ಡೆವನ್ ರೈಲ್ವೆ ಕಾರ್ಖಾನೆಗೆ ತರಬೇತಿಗೆ ಸೇರಿದರು. 1876ರಲ್ಲಿ ಆ ಚಿಕ್ಕ ಕಂಪನಿಯನ್ನು ಗ್ರೇಟ್ ವೆಸ್ಟರ್ನ್ ತನ್ನೊಳಗೆ ಸೇರಿಸಿಕೊಂಡಾಗ ಹತ್ತೊಂಬತ್ತರ ಈ ಯುವಕ ಸ್ವಿಂಡನ್‌ಗೆ ಬಂದರು. ಮುಂದಿನ 57 ವರ್ಷ, ಅಂದರೆ ಸಾಯುವವರೆಗೆ, ಸ್ವಿಂಡನ್ನೇ ಅವರ ಊರಾಯಿತು.

ನಮ್ಮ ಭಾಗದವರಿಗೆ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಗೊತ್ತು. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಈ ಸೀಮೆಯಲ್ಲಿ ಹಳಿ ಹಾಸಿದ ಮೇಲೆ ಹುಬ್ಬಳ್ಳಿ ಬೆಳೆದ ರೀತಿಯನ್ನು ನೆನೆದರೆ ಸ್ವಿಂಡನ್ನಿನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಸ್ವಿಂಡನ್ ಊರಿನ ಅನ್ನ, ನೀರು, ಗಡಿಯಾರ ಎಲ್ಲವೂ ಕಾರ್ಖಾನೆಯದೇ. ಎಂಜಿನ್ನಿನಿಂದ ಹಿಡಿದು ಬೋಗಿಯವರೆಗೆ ಕಂಪನಿಗೆ ಬೇಕಾದುದೆಲ್ಲ ಅಲ್ಲಿಯೇ ತಯಾರಾಗುತ್ತಿತ್ತು.

ಗ್ರೇಟ್ ವೆಸ್ಟರ್ನ್ ಹುಟ್ಟಿನಿಂದಲೇ ತನ್ನ ದಾರಿ ತನಗೆ ಎಂದುಕೊಂಡ ಸಂಸ್ಥೆ. ಅದರ ಮೊದಲ ಎಂಜಿನಿಯರ್ ಬ್ರೂನೆಲ್ ಏಳು ಅಡಿಗೂ ಕಾಲು ಇಂಚು ಹೆಚ್ಚಿನ ಅಗಲದ ಹಳಿ ಹಾಸಿದ್ದರು. ಉಳಿದ ಬ್ರಿಟನ್ನಿನಲ್ಲಿ ಅದು ನಾಲ್ಕು ಅಡಿ ಎಂಟೂವರೆ ಇಂಚು. ಎರಡು ಬಗೆಯ ಹಳಿಗಳ ಜಗಳ ದಶಕಗಳ ಕಾಲ ನಡೆದು, 1892ರ ಮೇ ತಿಂಗಳಲ್ಲಿ ಅಗಲ ಹಳಿ ಪೂರ್ಣವಾಗಿ ಮರೆಯಾಯಿತು. ಮೀಟರ್ ಗೇಜ್‌ನಿಂದ ಬ್ರಾಡ್‌ಗೇಜ್‌ಗೆ ಬದಲಾಗುವ ವರ್ಷಗಳಲ್ಲಿ ಉತ್ತರ ಕರ್ನಾಟಕದ ಪ್ರಯಾಣಿಕರು ಪಟ್ಟ ಪಾಡು ತಿಳಿದವರಿಗೆ ಆ ಬದಲಾವಣೆಯ ಗಾತ್ರವನ್ನು ವಿವರಿಸಬೇಕಾಗಿಲ್ಲ. ಹಳಿ ಬದಲಾಯಿತು, ಎಂಜಿನ್ ಬದಲಾಯಿತು, ಚಾಲಕ ಮಾತ್ರ ಬಲಬದಿಯಲ್ಲಿಯೇ ಉಳಿದ.

ಚರ್ಚ್‌ವರ್ಡ್ ಮೊದಲು ಬೋಗಿ ಕಾರ್ಖಾನೆಯಲ್ಲಿ ಮೇಲೇರಿದರು. 1885ರಲ್ಲಿ ಅದರ ವ್ಯವಸ್ಥಾಪಕರಾದರು. ಎಂಜಿನ್ ಕಾರ್ಖಾನೆಗೆ ಬಂದದ್ದು ಹತ್ತು ವರ್ಷಗಳ ನಂತರ. 1896ರಲ್ಲಿ ಅದರ ವ್ಯವಸ್ಥಾಪಕ, 1897ರಲ್ಲಿ ಮುಖ್ಯಸ್ಥ ವಿಲಿಯಂ ಡೀನ್ ಅವರ ಪ್ರಧಾನ ಸಹಾಯಕ. ಆ ಹೊತ್ತಿಗೆ ಡೀನ್ ಅವರ ಆರೋಗ್ಯವೂ ಮನಸ್ಸಿನ ಹಿಡಿತವೂ ಸಡಿಲಗೊಳ್ಳತೊಡಗಿದ್ದವು. ಹಿರಿಯರ ಮಾನಕ್ಕೆ ಕುಂದು ಬಾರದಂತೆ, ಎಲ್ಲ ಕಾಗದಪತ್ರಗಳೂ ಡೀನ್ ಅವರ ಹೆಸರಿನಲ್ಲಿಯೇ ಹೊರಡುವಂತೆ ನೋಡಿಕೊಂಡು, ಒಳಗಿನ ಕೆಲಸವನ್ನೆಲ್ಲ ಚರ್ಚ್‌ವರ್ಡ್ ಹೊತ್ತರು. ಹುದ್ದೆಗಾಗಿ ಕಾದು ಕುಳಿತವನು ಸಾಮಾನ್ಯವಾಗಿ ತೋರುವ ತಾಳ್ಮೆಯಲ್ಲ ಇದು. 1900ರಲ್ಲಿ ಸ್ವಿಂಡನ್ ಪೌರಸಂಸ್ಥೆಯಾದಾಗ ಅದರ ಮೊದಲ ಮೇಯರ್ ಕೂಡ ಇವರೇ. 1902ರಲ್ಲಿ ಡೀನ್ ನಿವೃತ್ತರಾದರು. ಎಂಜಿನ್, ಬೋಗಿ ಮತ್ತು ವ್ಯಾಗನ್ ವಿಭಾಗದ ಮುಖ್ಯಸ್ಥ ಹುದ್ದೆ ಅಧಿಕೃತವಾಗಿ ಚರ್ಚ್‌ವರ್ಡ್ ಅವರಿಗೆ ಬಂತು.

ಬದಿಯ ಲೆಕ್ಕಾಚಾರ

ಇಲ್ಲಿ ಚಾಲಕನ ಬದಿಯ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಉಗಿ ಎಂಜಿನ್ನಿನಲ್ಲಿ ಚಾಲಕನ ಕಣ್ಣಮುಂದೆ ಗಾಜಿನ ವಿಶಾಲ ಕಿಟಕಿ ಇರುವುದಿಲ್ಲ. ಅವನ ಮುಂದಿರುವುದು ಬಾಯ್ಲರ್ ಎಂಬ ಕಬ್ಬಿಣದ ಉದ್ದನೆಯ ಪೀಪಾಯಿ. ಅದರ ಒಂದು ಮಗ್ಗುಲಿನಿಂದ, ಅಂಗೈಯಗಲದ ಕಿಂಡಿಯೊಂದರ ಮೂಲಕವೋ ಪಕ್ಕಕ್ಕೆ ತಲೆ ಹೊರಹಾಕಿಯೋ ಆತ ಮುಂದಿನ ದಾರಿಯನ್ನು ನೋಡಬೇಕು. ಇನ್ನೊಂದು ಮಗ್ಗುಲು ಅವನ ಪಾಲಿಗೆ ಗೋಡೆಯ ಹಿಂದಿನ ಲೋಕ. ದಾರಿ ನೇರವಾಗಿದ್ದಾಗ ದೂರದ ಸಿಗ್ನಲ್ ಎರಡೂ ಬದಿಯವರಿಗೆ ಕಂಡೀತು. ಹಳಿ ಎಡಕ್ಕೆ ತಿರುಗಿದರೆ ಬಲಬದಿಯ ಚಾಲಕನಿಗೆ ಮುಂದಿನ ಹಳಿ ಬಾಯ್ಲರಿನ ಮರೆಗೆ ಸರಿಯುತ್ತದೆ. ಬಲಕ್ಕೆ ತಿರುಗಿದರೆ ಎಡಬದಿಯವನಿಗೆ ಅದೇ ಗತಿ. ಆಗ ಎದುರು ಬದಿಯ ಫೈರ್‌ಮನ್ ಸಲಿಕೆ ಕೆಳಗಿಟ್ಟು ಸಿಗ್ನಲ್ ನೋಡಿ ಕೂಗಿ ಹೇಳಬೇಕು. ಮಳೆ, ಮಂಜು, ಚಿಮಣಿಯಿಂದ ಕೆಳಗಿಳಿಯುವ ಉಗಿ ಇವೆಲ್ಲ ಬೇರೆ.

ಹಾಗಿದ್ದೂ ಬಲಬದಿಯೇ ಏಕೆ? ಕುದುರೆಗಾಡಿಯ ಸಾರಥಿ ಬಲಕ್ಕೆ ಕುಳಿತು ಬಲಗೈಯಲ್ಲಿ ಚಾವಟಿ ಹಿಡಿಯುತ್ತಿದ್ದುದೇ ಮೂಲವೆಂಬ ವಾದವಿದೆ. ಅದಕ್ಕಿಂತ ಗಟ್ಟಿಯಾದುದು ಸಲಿಕೆಯ ವಾದ. ಚಾಲಕ ಬಲಕ್ಕಿದ್ದರೆ ಫೈರ್‌ಮನ್ ಎಡಕ್ಕೆ ನಿಲ್ಲುತ್ತಾನೆ. ಅವನು ಒಳಮುಖವಾಗಿ ನಿಂತಾಗ ಕಲ್ಲಿದ್ದಲು ತುಂಬಿದ ಟೆಂಡರ್ ಅವನ ಬಲಕ್ಕೆ ಬರುತ್ತದೆ, ಬೆಂಕಿಗೂಡಿನ ಬಾಯಿ ಎಡಕ್ಕೆ. ಬಲಗೈ ಕಾವಿನ ತುದಿಯಲ್ಲಿ, ಎಡಗೈ ಮುಂದೆ. ಬಲದಿಂದ ತುಂಬಿ ಎಡಕ್ಕೆ ಎರಚುವುದು. ಬಲಗೈ ಬಳಸುವವನಿಗೆ ಇದು ಒಗ್ಗಿದ ಚಲನೆ. ಹೊಲದಲ್ಲಿ ಬದು ಹಾಕಲು ಸಲಿಕೆ ಹಿಡಿದ ಯಾರಿಗೂ ಇದು ತಿಳಿದೀತು. ಒಂದೇ ಓಟದಲ್ಲಿ ಟನ್‌ಗಟ್ಟಲೆ ಕಲ್ಲಿದ್ದಲು ಎರಚಬೇಕಾದ ಆಳಿಗೆ ಈ ಅನುಕೂಲ ಸಣ್ಣದಲ್ಲ. ಒಟ್ಟಿನಲ್ಲಿ ಬಲಬದಿ ಫೈರ್‌ಮನ್ನಿನ ಬೆನ್ನಿಗೆ ಹಿತ, ಎಡಬದಿ ಚಾಲಕನ ಕಣ್ಣಿಗೆ ಹಿತ. ಬಾಯ್ಲರ್ ಚಿಕ್ಕದಾಗಿದ್ದಷ್ಟು ದಿನ ಬೆನ್ನಿನ ಮಾತು ಗೆದ್ದಿತ್ತು. ಬಾಯ್ಲರ್ ಬೆಳೆದಂತೆ ಕಣ್ಣಿನ ಮಾತಿಗೆ ಬೆಲೆ ಬರತೊಡಗಿತು.

ಆ ಬಾಯ್ಲರನ್ನು ಬೆಳೆಸಿದವರೇ ಚರ್ಚ್‌ವರ್ಡ್.

ಆರು ಮಾದರಿಗಳ ಕನಸು

1901ರ ಜನವರಿಯಲ್ಲಿ, ಮುಖ್ಯಸ್ಥರಾಗುವ ಮೊದಲೇ, ಅವರು ಆರು ಬಗೆಯ ಎಂಜಿನ್‌ಗಳ ಒಂದು ಯೋಜನೆಯನ್ನು ಸಿದ್ಧಪಡಿಸಿದ್ದರು. ಎಕ್ಸ್‌ಪ್ರೆಸ್‌ಗೆ ಒಂದು, ಸರಕಿಗೆ ಒಂದು, ಉಪನಗರ ಸಂಚಾರಕ್ಕೆ ಒಂದು ಹೀಗೆ ಕೆಲಸ ಬೇರೆಯಾದರೂ ಬಾಯ್ಲರ್, ಸಿಲಿಂಡರ್, ಗಾಲಿಗಳು ಆದಷ್ಟು ಒಂದೇ ಅಳತೆಯವು. ಒಂದರ ಭಾಗ ಇನ್ನೊಂದಕ್ಕೆ ಕೂಡಬೇಕು. ಇಂದಿನ ಕಾರ್ಖಾನೆಗಳಿಗೆ ಇದು ಅಕ್ಷರಾಭ್ಯಾಸ. ಅಂದಿನ ಬ್ರಿಟನ್ನಿನಲ್ಲಿ ಅದು ದೂರದೃಷ್ಟಿ.

ಕಲಿಯುವುದರಲ್ಲಿ ಅವರಿಗೆ ದೇಶದ ಹಂಗಿರಲಿಲ್ಲ. ಅಮೆರಿಕದಿಂದ ಸಿಲಿಂಡರ್ ಜೋಡಣೆಯ ಕ್ರಮವನ್ನೂ ಮುಂದಕ್ಕೆ ಸಪೂರವಾಗುವ ಬಾಯ್ಲರಿನ ಆಕಾರವನ್ನೂ ತೆಗೆದುಕೊಂಡರು. ಬೆಲ್ಜಿಯಂನಿಂದ ಬೆಲ್‌ಪೇರ್ ಬೆಂಕಿಗೂಡನ್ನು. ಫ್ರಾನ್ಸಿನಲ್ಲಿ ಒಂದೇ ಉಗಿಯನ್ನು ಎರಡು ಹಂತದಲ್ಲಿ ಬಳಸುವ ಎಂಜಿನ್‌ಗಳು ಹೆಸರು ಮಾಡಿದ್ದವು. ಕೇಳಿ ನಂಬುವ ಬದಲು 1903ರಲ್ಲಿ ‘ಲಾ ಫ್ರಾನ್ಸ್’ ಎಂಬ ಎಂಜಿನ್ನನ್ನೇ ಖರೀದಿಸಿ, 1905ರಲ್ಲಿ ಇನ್ನೆರಡನ್ನು ತರಿಸಿ, ತಮ್ಮ ಎಂಜಿನ್‌ಗಳ ಪಕ್ಕದಲ್ಲಿ ಓಡಿಸಿ ನೋಡಿದರು. ಎರಡು ಹಂತದ ಉಗಿಯಿಂದ ನಿರೀಕ್ಷಿಸಿದಷ್ಟು ಲಾಭವಿಲ್ಲವೆಂದು ತೀರ್ಮಾನವಾಯಿತು. ಆದರೆ ನಾಲ್ಕು ಸಿಲಿಂಡರ್‌ಗಳ ಸಮತೂಕದ ಓಟ ಮೆಚ್ಚುಗೆಯಾಯಿತು. 1904ರಲ್ಲಿ ಸ್ವಿಂಡನ್ನಿನಲ್ಲಿ ಎಂಜಿನ್ನನ್ನು ನಿಂತಲ್ಲಿಯೇ ಓಡಿಸಿ ಅಳೆಯುವ ಪರೀಕ್ಷಾಗಾರ ಕಟ್ಟಿಸಿದರು. ಬ್ರಿಟನ್ನಿನ ರೈಲ್ವೆಗಳಲ್ಲಿ ಅದು ಮೊದಲನೆಯದು.

1904ರ ಮೇ 9ರಂದು ‘ಸಿಟಿ ಆಫ್ ಟ್ರೂರೊ’ ಎಂಬ ಎಂಜಿನ್ ಇಳಿಜಾರಿನಲ್ಲಿ ಗಂಟೆಗೆ ನೂರು ಮೈಲಿ ದಾಟಿತೆಂಬ ಸುದ್ದಿ ಹಬ್ಬಿತು. ಅಳತೆ ಪೂರ್ತಿ ಖಚಿತವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಚರ್ಚ್‌ವರ್ಡ್ ಅವರ ನಿಜವಾದ ಸಾಧನೆ ಅಂಥ ಒಂದು ದಿನದ ದಾಖಲೆಯಲ್ಲಿಲ್ಲ. ಎರಡು ಸಿಲಿಂಡರಿನ ‘ಸೇಂಟ್’, ನಾಲ್ಕು ಸಿಲಿಂಡರಿನ ‘ಸ್ಟಾರ್’, ಸರಕಿಗೆಂದು 1903ರಲ್ಲಿ ಬಂದ ಎಂಟು ಚಾಲಕ ಗಾಲಿಗಳ ಎಂಜಿನ್, 1911ರ ಎಲ್ಲ ಕೆಲಸಕ್ಕೂ ಒದಗುವ ‘4300’ ಇವು ಅವರ ಸಾಧನೆ. ಚದರ ಇಂಚಿಗೆ 225 ಪೌಂಡ್ ಒತ್ತಡ, ಉಗಿ ತಡೆಯಿಲ್ಲದೆ ಒಳನುಗ್ಗಿ ಹೊರಹೋಗುವಂತೆ ಉದ್ದಕ್ಕೆ ಸರಿಯುವ ವಾಲ್ವ್, ಇವೆರಡರಿಂದ ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ದೊರೆಯಿತು.

ಸ್ಟಾರ್ ಎಂಜಿನ್ನಿನ ಬಾಯ್ಲರ್ ಕೊಳವೆಯೊಂದೇ 14 ಅಡಿ 10 ಇಂಚು. 1908ರಲ್ಲಿ ಬಂದ ‘ದಿ ಗ್ರೇಟ್ ಬೇರ್’ ಎಂಬ ಏಕೈಕ ದೈತ್ಯನದು 23 ಅಡಿ. ಬೆಂಕಿಗೂಡು, ಹೊಗೆಗೂಡು ಬೇರೆ. ಚಾಲಕನ ಕಣ್ಣಿಗೂ ಚಿಮಣಿಗೂ ನಡುವಿನ ಗೋಡೆ ಹೀಗೆ ವರ್ಷದಿಂದ ವರ್ಷಕ್ಕೆ ಉದ್ದವೂ ದಪ್ಪವೂ ಆಯಿತು.

ದುಬಾರಿ ಎಂಬ ದೂರು ನಿರ್ದೇಶಕರಿಂದ ಬಂದಾಗ ಉತ್ತರ ಕೊಟ್ಟದ್ದು ಎಂಜಿನ್ನೇ. 1910ರ ಆಗಸ್ಟ್‌ನಲ್ಲಿ ಗ್ರೇಟ್ ವೆಸ್ಟರ್ನ್ ಮತ್ತು ಲಂಡನ್ ಆಂಡ್ ನಾರ್ತ್ ವೆಸ್ಟರ್ನ್ ಕಂಪನಿಗಳು ತಲಾ ಒಂದು ಎಂಜಿನ್ನನ್ನು ಅದಲುಬದಲು ಮಾಡಿಕೊಂಡು ಪರೀಕ್ಷೆಗೆ ಒಡ್ಡಿದವು. ಸ್ವಿಂಡನ್ನಿನಿಂದ ಹೋದುದು 4005ನೇ ಸಂಖ್ಯೆಯ ಸ್ಟಾರ್. ಹೆಸರು ‘ಪೋಲಾರ್ ಸ್ಟಾರ್’, ಅಂದರೆ ಧ್ರುವತಾರೆ. ಪರರ ಹಳಿಯ ಮೇಲೆ ಅದು ಆತಿಥೇಯರ ಎಂಜಿನ್‌ಗಿಂತ ಸಲೀಸಾಗಿ ಓಡಿತು. ಈ ಹೆಸರನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. 45 ವರ್ಷಗಳ ನಂತರ ಅದೇ ಹೆಸರಿನ ಇನ್ನೊಂದು ಎಂಜಿನ್, ಚಾಲಕನ ಬದಿಯ ಕಾರಣದಿಂದಲೇ, ಬೇರೆ ಬಗೆಯಲ್ಲಿ ಸುದ್ದಿಯಾಗಲಿತ್ತು.

ಬದಲಾಗದ ಜಾಗ

ಇಷ್ಟೆಲ್ಲ ಮಾಡಿದವರು ಚಾಲಕನನ್ನು ಏಕೆ ಎಡಕ್ಕೆ ಸರಿಸಲಿಲ್ಲ? ಆ ಸ್ಥಾನ ಒಂದೇ ಇರಲಿಲ್ಲವೆಂಬುದರಲ್ಲಿಯೇ ಉತ್ತರದ ಹೆಚ್ಚಿನ ಪಾಲು ಇದೆ. ಚಾಲಕನ ಜೊತೆಗೆ ಗೇರು ಹಿಂದುಮುಂದಾಗಿಸುವ ಸಲಕರಣೆ, ಬ್ರೇಕು ಎಲ್ಲವೂ ಆ ಬದಿಯಲ್ಲಿದ್ದವು. ಹಳಿಯ ಮೇಲಿನ ಸಾವಿರಾರು ಸಿಗ್ನಲ್‌ಗಳನ್ನು ಬಲಬದಿಯ ಕಣ್ಣಿಗೆ ಹೊಂದುವಂತೆ ನಿಲ್ಲಿಸಲಾಗಿತ್ತು. ಚಾಲಕರ ತಲೆಮಾರುಗಳು ಆ ಬದಿಯಿಂದಲೇ ದಾರಿಯ ಪ್ರತಿ ಸೇತುವೆ, ಪ್ರತಿ ತಿರುವನ್ನು ಬಾಯಿಪಾಠ ಮಾಡಿದ್ದವು. ಎಂಜಿನ್ ಒಂದನ್ನು ಬದಲಿಸಲು ಸ್ವಿಂಡನ್ನಿನ ಒಬ್ಬ ಮುಖ್ಯಸ್ಥ ಸಾಕು. ಬದಿಯನ್ನು ಬದಲಿಸಲು ಇಡೀ ರೈಲ್ವೆ ಬದಲಾಗಬೇಕಿತ್ತು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಚರ್ಚ್‌ವರ್ಡ್ ಎಂಜಿನ್ನಿನ ಮುಂಭಾಗಕ್ಕೆ ಕೊಟ್ಟ ಗಮನವನ್ನು ಹಿಂಭಾಗಕ್ಕೆ ಕೊಡಲಿಲ್ಲ. ಅವರ ಕಾಲದ ಚಾಲಕಗೂಡು ಬರಿದಾದದ್ದು. ಪಕ್ಕದ ಕಿಟಕಿಯಿಲ್ಲ, ತಲೆಯ ಮೇಲೆ ಗೇಣುದ್ದದ ಸೂರು, ಮಳೆಗಾಳಿಗೆ ಮೈಯೊಡ್ಡಿ ನಿಂತೇ ಗಂಟೆಗಟ್ಟಲೆ ದುಡಿಮೆ. ನಕ್ಷೆ ಬರೆಯುವ ಕಿರಿಯರ ಮೇಜಿನ ಬಳಿ ಕುಳಿತು, ಸುತ್ತ ಎಲ್ಲರನ್ನೂ ಕರೆದು ಚರ್ಚಿಸಿ, ಯಾರ ಮಾತು ಸರಿಯೆಂದರೆ ಅದನ್ನೇ ಒಪ್ಪುತ್ತಿದ್ದ ಅಧಿಕಾರಿ ಎಂದು ಸ್ವಿಂಡನ್ನಿನಲ್ಲಿ ಅವರಿಗೆ ಹೆಸರಿತ್ತು. ಆದರೂ ಎಂಜಿನ್ನಿನ ಮೇಲೆ ನಿಲ್ಲುವ ಇಬ್ಬರ ಸುಖದುಃಖ ಅವರ ನಕ್ಷೆಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ದೊಡ್ಡವರ ಬದುಕನ್ನು ಬರೆಯುವಾಗ ಇಂಥದನ್ನು ಮುಚ್ಚಿಡುವುದು ಸರಿಯಲ್ಲ.

ಕಣ್ಣಿಗೆ ಮರೆಯಾದುದನ್ನು ಗ್ರೇಟ್ ವೆಸ್ಟರ್ನ್ ಕಿವಿಯಿಂದ ತುಂಬಿಕೊಳ್ಳಲು ನೋಡಿತು. 1906ರಲ್ಲಿ ಹೆನ್ಲಿಗೆ ಹೋಗುವ ಕವಲು ಮಾರ್ಗದಲ್ಲಿ ಹೊಸ ಎಚ್ಚರಿಕೆ ವ್ಯವಸ್ಥೆಯ ಪ್ರಯೋಗ ನಡೆಯಿತು. ಎರಡು ಹಳಿಗಳ ನಡುವೆ ಉದ್ದನೆಯ ಲೋಹದ ಪಟ್ಟಿ, ಎಂಜಿನ್ನಿನ ಅಡಿಯಲ್ಲಿ ಅದಕ್ಕೆ ತಾಗುವ ಒಂದು ಗೊರಸು. ಮುಂದಿನ ಸಿಗ್ನಲ್ ದಾರಿ ಬಿಟ್ಟಿದ್ದರೆ ವಿದ್ಯುತ್ ಹರಿದು ಚಾಲಕನ ಪಕ್ಕದಲ್ಲಿ ಗಂಟೆ ಬಾರಿಸುವುದು. ಇಲ್ಲವಾದರೆ ಎಚ್ಚರಿಕೆಯ ಕೂಗು ಏಳುವುದು. ಮುಂದೆ ಚಾಲಕ ಗಮನಿಸದಿದ್ದರೆ ಬ್ರೇಕು ತಾನಾಗಿಯೇ ಬೀಳುವ ಏರ್ಪಾಡೂ ಸೇರಿತು. 1910ರ ಹೊತ್ತಿಗೆ ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ರೆಡಿಂಗ್‌ವರೆಗಿನ ಮುಖ್ಯಮಾರ್ಗದಲ್ಲಿ ಇದು ಜಾರಿಗೆ ಬಂದಿತ್ತು. ಹಲವರ ಕೈಸೇರಿ ಆದ ಕೆಲಸವಿದು. ಎಂಜಿನ್‌ಗಳಿಗೆ ಇದನ್ನು ಅಳವಡಿಸಿದ್ದು ಚರ್ಚ್‌ವರ್ಡ್ ಅವರ ಆಡಳಿತದ ಅವಧಿಯಲ್ಲಿ. ಇಂಥ ಸಾಧನವಿದ್ದ ಮೇಲೆ ಬದಿಯ ಪ್ರಶ್ನೆ ಹಿಂದಕ್ಕೆ ಸರಿದುದು ಸಹಜ.

ಮಂಜಿನ ಬೆಳಗು

ಮೊದಲನೆಯ ಮಹಾಯುದ್ಧದಲ್ಲಿ ಸ್ವಿಂಡನ್ ಶಸ್ತ್ರಾಸ್ತ್ರ ತಯಾರಿಕೆಗೂ ತೊಡಗಿತು. 1916ರಲ್ಲಿ ಚರ್ಚ್‌ವರ್ಡ್ ಅವರ ಹುದ್ದೆಯ ಹೆಸರು ಚೀಫ್ ಮೆಕ್ಯಾನಿಕಲ್ ಎಂಜಿನಿಯರ್ ಎಂದಾಯಿತು. ಯುದ್ಧದ ನಂತರ ಕಾರ್ಖಾನೆಯ ವಾತಾವರಣ ಬದಲಾಯಿತು. ಮುಖ್ಯಸ್ಥನ ಮಾತೇ ಕಟ್ಟಳೆಯಾಗಿದ್ದ ಕಾಲ ಹೋಗಿ ಕಾರ್ಮಿಕ ಸಂಘಗಳ ಜೊತೆ ಮಾತುಕತೆಯ ಕಾಲ ಬಂದಿತ್ತು. 1921ರ ಕೊನೆಗೆ ಅವರು ನಿವೃತ್ತರಾದರು.

ಮದುವೆಯಾಗದ ಚರ್ಚ್‌ವರ್ಡ್ ನಿವೃತ್ತಿಯ ನಂತರವೂ ಕಂಪನಿಯ ‘ನ್ಯೂಬರ್ನ್’ ಎಂಬ ಮನೆಯಲ್ಲಿಯೇ ಉಳಿದರು. ಮನೆಯ ಬಳಿಯೇ ಮುಖ್ಯಮಾರ್ಗ. ಹಳಿ ದಾಟಿದರೆ ಕಾರ್ಖಾನೆ. ಉತ್ತರಾಧಿಕಾರಿ ಚಾರ್ಲ್ಸ್ ಕಾಲೆಟ್ 1923ರಲ್ಲಿ ಸ್ಟಾರ್ ಎಂಜಿನ್ನನ್ನೇ ಹಿಗ್ಗಿಸಿ ‘ಕ್ಯಾಸಲ್’ ವರ್ಗವನ್ನು ತಂದರು. ಅದರ ಚಾಲಕಗೂಡಿಗೆ ಪಕ್ಕದ ಕಿಟಕಿ ಬಂತು, ಉದ್ದದ ಸೂರು ಬಂತು, ಚಾಲಕ ಮಾತ್ರ ಬಲಕ್ಕೇ. 1927ರ ‘ಕಿಂಗ್’ ವರ್ಗದಲ್ಲಿಯೂ ಹಾಗೆಯೇ. ನಿವೃತ್ತ ಮುಖ್ಯಸ್ಥರು ಹಳಿ ದಾಟಿ ಕಾರ್ಖಾನೆಗೆ ಹೋಗಿ ಹಳಬರನ್ನು ಮಾತನಾಡಿಸಿ ಬರುವುದು ವಾಡಿಕೆಯಾಗಿತ್ತು. ವಯಸ್ಸು ಎಪ್ಪತ್ತು ದಾಟಿದ ಮೇಲೆ ಕಿವಿ ಮಂದವಾಯಿತು, ಕಣ್ಣೂ ಮಬ್ಬಾಯಿತು.

1933ರ ಡಿಸೆಂಬರ್ 19ರ ಬೆಳಿಗ್ಗೆ ಮಂಜು ಮುಸುಕಿತ್ತು ಎನ್ನಲಾಗುತ್ತದೆ. ಹಳಿಯ ಅಡಿಯ ಸ್ಲೀಪರ್ ಒಂದು ಸಡಿಲವಾಗಿದ್ದಂತೆ ತೋರಿ, ಅದನ್ನು ಪರಿಶೀಲಿಸಲು ಅವರು ಹಳಿಯ ಮೇಲೆ ನಿಂತರೆಂದು ಹೇಳಲಾಗಿದೆ. ಪ್ಯಾಡಿಂಗ್ಟನ್‌ನಿಂದ ಫಿಶ್‌ಗಾರ್ಡ್‌ಗೆ ಹೊರಟಿದ್ದ ಎಕ್ಸ್‌ಪ್ರೆಸ್ ಬಂದುದು ಅವರಿಗೆ ಕೇಳಿಸಲಿಲ್ಲ, ಕಾಣಿಸಲೂ ಇಲ್ಲ. ರೈಲನ್ನು ಎಳೆಯುತ್ತಿದ್ದುದು 4085ನೇ ಸಂಖ್ಯೆಯ ‘ಬರ್ಕ್ಲಿ ಕ್ಯಾಸಲ್’, ಅವರ ಸ್ಟಾರ್ ಎಂಜಿನ್ನಿನ ನೇರ ಸಂತತಿ. ಚರ್ಚ್‌ವರ್ಡ್ ಸ್ಥಳದಲ್ಲಿಯೇ ಅಸುನೀಗಿದರು. ಆಗ ಅವರಿಗೆ 76 ವರ್ಷ. ಸ್ವಿಂಡನ್ನಿನ ಕ್ರೈಸ್ಟ್ ಚರ್ಚ್ ಆವರಣದಲ್ಲಿ ಅವರನ್ನು ಮಣ್ಣು ಮಾಡಲಾಯಿತು.

ಎರಡನೆಯ ಧ್ರುವತಾರೆ

ಅವರ ವಿದ್ಯೆಯನ್ನು ಸ್ವಿಂಡನ್ನಿನ ಹೊರಗೆ ಒಯ್ದವರು ಅವರ ಕೈಕೆಳಗೆ ಬೆಳೆದ ವಿಲಿಯಂ ಸ್ಟೇನಿಯರ್. 1932ರಲ್ಲಿ ಲಂಡನ್ ಮಿಡ್‌ಲ್ಯಾಂಡ್ ಆಂಡ್ ಸ್ಕಾಟಿಷ್ ರೈಲ್ವೆಯ ಮುಖ್ಯ ಎಂಜಿನಿಯರ್ ಆದ ಸ್ಟೇನಿಯರ್, ಚರ್ಚ್‌ವರ್ಡ್ ಬಾಯ್ಲರನ್ನೂ ವಾಲ್ವನ್ನೂ ಅಲ್ಲಿ ನೆಲೆಗೊಳಿಸಿದರು. ಆದರೆ ಚಾಲಕನನ್ನು ಆ ಕಂಪನಿಯ ರೂಢಿಯಂತೆ ಎಡಕ್ಕೆ ನಿಲ್ಲಿಸಿದರು. ಗುರುವಿನ ಎಂಜಿನ್ನಿಗೆ ಎಡಬದಿ ಒಗ್ಗುತ್ತದೆ ಎಂಬುದು ಶಿಷ್ಯನ ಕೈಯಲ್ಲಿ ಸಾಬೀತಾಯಿತು. ಇದೇ ಸ್ಟೇನಿಯರ್ 1936–37ರಲ್ಲಿ ಭಾರತೀಯ ರೈಲ್ವೆ ವಿಚಾರಣಾ ಸಮಿತಿಯ ಸದಸ್ಯರಾಗಿ ನಮ್ಮ ದೇಶಕ್ಕೂ ಬಂದಿದ್ದರು. ಜಗತ್ಪ್ರಸಿದ್ಧ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಜಿನ್ ಕೂಡ ಹುಟ್ಟಿದ್ದು ಬಲಬದಿಯದಾಗಿ. 1954ರಲ್ಲಿ ಅದನ್ನು ಎಡಬದಿಗೆ ಬದಲಿಸಲಾಯಿತು.

1948ರಲ್ಲಿ ಬ್ರಿಟನ್ನಿನ ರೈಲ್ವೆಗಳು ರಾಷ್ಟ್ರೀಕರಣಗೊಂಡವು. 1951ರಿಂದ ಇಡೀ ದೇಶಕ್ಕೆ ಒಂದೇ ಮಾದರಿಯ ಎಂಜಿನ್‌ಗಳು ಹೊರಬರತೊಡಗಿದವು. ‘ಬ್ರಿಟಾನಿಯಾ’ ವರ್ಗದ ಆ 55 ಎಂಜಿನ್‌ಗಳಲ್ಲಿ ಚಾಲಕ ಎಡಕ್ಕಿದ್ದ. ಕೆಲವು ಎಂಜಿನ್‌ಗಳು ಹಳೆಯ ಗ್ರೇಟ್ ವೆಸ್ಟರ್ನ್ ಪ್ರದೇಶಕ್ಕೂ ಬಂದವು. ಅಲ್ಲಿನ ಸಿಗ್ನಲ್‌ಗಳು ಇನ್ನೂ ಬಲಬದಿಯ ಕಣ್ಣಿಗೆಂದು ನಿಂತವೇ. ಸಾಲದೆಂಬಂತೆ ಬ್ರಿಟಾನಿಯಾ ಎಂಜಿನ್ನಿನ ಮುಂದೆ, ಹೊಗೆ ಕೆಳಗಿಳಿಯದಂತೆ ನಿಲ್ಲಿಸಿದ ಎರಡು ತಗಡುಗಳ ಮೇಲೆ ಹಿಡಿದುಕೊಳ್ಳಲು ಸರಳುಗಳಿದ್ದವು. ಚಾಲಕನ ದೃಷ್ಟಿಗೆ ಅವು ಅಡ್ಡ ಬರುತ್ತಿದ್ದವು. ಹಳೆಯ ಚಾಲಕರು ಗೊಣಗಿದರು. ರೂಢಿ ಬಿಡಲೊಲ್ಲದವರ ಗೊಣಗು ಎಂದು ತಳ್ಳಿಹಾಕುವುದು ಸುಲಭವಿತ್ತು.

1955ರ ನವೆಂಬರ್ 20, ಭಾನುವಾರ. ವೇಲ್ಸ್‌ನ ಟ್ರೆಹರ್ಬರ್ಟ್‌ನಿಂದ ಲಂಡನ್ನಿಗೆ ಹೊರಟಿದ್ದ ವಿಹಾರ ರೈಲೊಂದು ಡಿಡ್ಕಾಟ್ ಬಳಿಯ ಮಿಲ್ಟನ್‌ಗೆ ಬಂತು. ಮುಂದೆ ಹಳಿ ದುರಸ್ತಿ ನಡೆದಿದ್ದರಿಂದ ರೈಲನ್ನು ಪಕ್ಕದ ಹಳಿಗೆ ತಿರುಗಿಸಲಾಗಿತ್ತು. ಆ ತಿರುವಿಗೆ ನಿಗದಿಯಾದ ವೇಗ ಗಂಟೆಗೆ 10 ಮೈಲಿ; ರೈಲು ಅದಕ್ಕಿಂತ ಹಲವು ಪಟ್ಟು ವೇಗದಲ್ಲಿತ್ತು. ಸಿಗ್ನಲ್ ಚಾಲಕನ ಗಮನಕ್ಕೆ ಬಂದಿರಲಿಲ್ಲ. ಎಂಜಿನ್ ಹಳಿ ತಪ್ಪಿ ದಿಬ್ಬದಿಂದ ಕೆಳಗುರುಳಿತು, ಹಿಂದೆಯೇ ಬೋಗಿಗಳು. 11 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಎಂಜಿನ್ನಿನ ಸಂಖ್ಯೆ 70026, ಹೆಸರು ‘ಪೋಲಾರ್ ಸ್ಟಾರ್’.

ಚಾಲಕನ ಲೋಪವನ್ನು ತನಿಖೆ ಗುರುತಿಸಿತು. ಅದರ ಜೊತೆಗೆ ಎಡಬದಿಯಿಂದ ಆ ಮಾರ್ಗದ ಸಿಗ್ನಲ್‌ಗಳು ಕಾಣುವ ರೀತಿಯನ್ನೂ ಸರಳುಗಳ ಅಡ್ಡಿಯನ್ನೂ ಪರಿಶೀಲಿಸಿತು. ಆನಂತರ ಪಶ್ಚಿಮ ವಲಯದ ಬ್ರಿಟಾನಿಯಾ ಎಂಜಿನ್‌ಗಳ ಸರಳುಗಳನ್ನು ತೆಗೆದು, ತಗಡಿನಲ್ಲಿಯೇ ಕೈ ಹಿಡಿಯುವಷ್ಟು ರಂಧ್ರ ಕೊರೆಯಲಾಯಿತು.

ಬಲಬದಿ ತಪ್ಪಾಗಿತ್ತೇ, ಎಡಬದಿ ತಪ್ಪಾಗಿತ್ತೇ ಎಂದು ಮಿಲ್ಟನ್ ಅಪಘಾತದಿಂದ ತೀರ್ಮಾನಿಸಲಾಗದು. ಬಲಕ್ಕೆಂದು ಕಟ್ಟಿದ ದಾರಿಯ ಮೇಲೆ ಎಡದ ಎಂಜಿನ್ ಓಡಿತ್ತು. ಬದಲಿಸುವುದಾದರೆ ಎರಡನ್ನೂ ಬದಲಿಸಬೇಕಿತ್ತು. ಎಂಜಿನ್ನಿನ ಎಲ್ಲವನ್ನೂ ಬದಲಿಸಿದ ಚರ್ಚ್‌ವರ್ಡ್ ಆ ಒಂದಕ್ಕೆ ಕೈಹಾಕದೆ ಬಿಟ್ಟುದರ ಹಿಂದೆ ಆಲಸ್ಯಕ್ಕಿಂತ ಈ ಅರಿವೇ ಹೆಚ್ಚಾಗಿದ್ದಿರಬಹುದು.

ಬ್ರಿಟಿಷ್ ರೈಲ್ವೆಗಾಗಿ ತಯಾರಾದ ಕೊನೆಯ ಉಗಿ ಎಂಜಿನ್ 1960ರ ಮಾರ್ಚ್‌ನಲ್ಲಿ ಸ್ವಿಂಡನ್ ಕಾರ್ಖಾನೆಯಿಂದಲೇ ಹೊರಬಂತು. ಸರಕಿನ ಎಂಜಿನ್ನಾದರೂ ಅದಕ್ಕೆ ಗ್ರೇಟ್ ವೆಸ್ಟರ್ನ್ ಹಸಿರು ಬಣ್ಣ ಬಳಿದು, ಚಿಮಣಿಗೆ ತಾಮ್ರದ ಅಂಚು ಕಟ್ಟಿ, ಚರ್ಚ್‌ವರ್ಡ್ ಅವರ ಸ್ಟಾರ್ ಎಂಜಿನ್ನೊಂದರ ‘ಈವ್ನಿಂಗ್ ಸ್ಟಾರ್’ ಎಂಬ ಹೆಸರನ್ನೇ ಇಡಲಾಯಿತು. ಚಾಲಕನ ಜಾಗ ಎಡಕ್ಕೆ.